ಸುಣ್ಣಕ್ಕೆ ಇಲ್ಲ ಅನ್ನಬಾರದು

"ಬುದ್ಧೀ, ಹೊಗೆಸೊಪ್ಪನ್ನು ನಾನು ಬಿಟ್ಟರೂ ಅದು ನನ್ನನ್ನು ಯಾಕೆ ಬಿಡುತ್ತಿಲ್ಲ?" ಎಂದು ಗುರುಮಲ್ಲ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಶಿಷ್ಯನಾಗಿ ಬಂದು ನಾಲ್ಕು ವರ್ಷವಾಗಿತ್ತು. ಸೊಪ್ಪಿನ ಚೀಲವನ್ನು ಹೊಳೆಗೆ ಎಸೆದು ಬಂದದ್ದು ಮೂರು ಸಲ. ಮೂರು ಸಲವೂ ವಾರ ತುಂಬುವುದರೊಳಗೆ ತುಟಿಯ ಸಂದಿಗೆ ಮತ್ತೆ ಸೊಪ್ಪು ಸೇರಿತ್ತು. ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಕುಲುಮೆ ಹೊತ್ತಿಸುವಾಗ ಒಂದು ಚಿಟಿಕೆ, ನೇಗಿಲ ಕುಳ ತಟ್ಟಿ ಮುಗಿಸಿದಾಗ ಒಂದು ಚಿಟಿಕೆ, ಉಂಡ ಮೇಲಂತೂ ಕೇಳುವುದೇ ಬೇಡ. ಸೊಪ್ಪಿಗೆ ಸುಣ್ಣ ಹಚ್ಚಿ, ಅಂಗೈಯಲ್ಲಿ ತಿಕ್ಕಿ, ತುಟಿಯೊಳಗೆ ಇಟ್ಟ ಮೇಲೇ ಅವನ ಸುತ್ತಿಗೆ ಮೇಲೇಳುತ್ತಿದ್ದದ್ದು. ಬರಬರುತ್ತಾ ಬಾಯಿ ಬಿಗಿಯಿತು. ವೈದ್ಯ ಬಂದು ನೋಡಿದ. ಬಾಯೊಳಗೆ ಎರಡೇ ಬೆರಳು ಹಿಡಿಸಿದವು. ಇನ್ನೂ ಸೊಪ್ಪು ಹಾಕಿದರೆ ಗಂಜಿಯೂ ಇಳಿಯುವುದಿಲ್ಲ ಎಂದು ಹೇಳಿ ಹೋದ.

ಕಮ್ಮಾರ ಹೆದರಿದ. ಅಂದೇ ಸೊಪ್ಪನ್ನೆಲ್ಲ ಕುಲುಮೆಗೆ ಹಾಕಿ ಸುಟ್ಟ. ಸುಣ್ಣದ ಡಬ್ಬಿಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅದನ್ನೂ ಎಸೆದುಬಿಡಿ" ಎಂದಳು ಹೆಂಡತಿ.

"ಸುಣ್ಣ ಏನು ಮಾಡುತ್ತದೆ ಕಣೇ? ಬಂದವರು ಕೇಳಿದರೆ ಇಲ್ಲ ಅನ್ನಲೇ? ಸುಣ್ಣಕ್ಕೆ ಇಲ್ಲ ಅಂದ ಮನೆ ಎಲ್ಲಾದರೂ ಇದೆಯೇನೇ?"

ಮಾತೇನೋ ಸರಿಯೇ. ಕೆಡುವವನಿಗೆ ನ್ಯಾಯದ ಮಾತಿಗೇನೂ ಬರವಿರುವುದಿಲ್ಲ.

ಕುಳ ಹದ ಮಾಡಿಸಲು ಬಂದವರು ಕುಲುಮೆಯ ಮುಂದೆ ಕಾದು ಕೂರುತ್ತಿದ್ದರು. ಸೊಪ್ಪು ಅವರದು, ಸುಣ್ಣ ಇವನದು. ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಇವನ ಬಾಯಲ್ಲಿ ನೀರೂರುತ್ತಿತ್ತು. ಹತ್ತು ದಿನ ಹಲ್ಲು ಕಚ್ಚಿಕೊಂಡಿದ್ದ. ಹನ್ನೊಂದನೆಯ ದಿನ ಒಬ್ಬ, ಸುಣ್ಣ ಕೊಟ್ಟವನನ್ನು ಬಿಟ್ಟು ತಾನೊಬ್ಬನೇ ಹಾಕಿಕೊಳ್ಳಬಾರದೆಂದು, ತಿಕ್ಕಿದ ಅಂಗೈಯನ್ನು ಮುಂದೆ ಹಿಡಿದ. ಕಮ್ಮಾರ ಒಂದು ಚಿಟಿಕೆ ತೆಗೆದುಕೊಂಡ.

ಮತ್ತೆ ಬಿಟ್ಟ, ಮತ್ತೆ ಹಾಕಿಕೊಂಡ. ಡಬ್ಬಿಯ ಸುಣ್ಣ ಒಣಗದಂತೆ ನೀರು ಹನಿಸಿಡುವುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಬಾಯಿಗೆ ಒಂದೇ ಬೆರಳು ಹಿಡಿಸುವಂತಾಯಿತು. ದಿನಕ್ಕೆ ಮೂರು ಹೊತ್ತು ಮುದ್ದೆ ನುಂಗಿ ಕಬ್ಬಿಣ ಬಗ್ಗಿಸುತ್ತಿದ್ದವನಿಗೆ ಹೆಂಡತಿ, ಕೂಸಿಗೆ ಹಾಲು ಹುಯ್ಯುವ ಒಳಲೆಯಲ್ಲಿ ಗಂಜಿ ಹುಯ್ದಳು. ಹುಯ್ಯುತ್ತಾ ಅವಳು ಅತ್ತಳು. ಕುಡಿಯುತ್ತಾ ಅವನೂ ಅತ್ತ. ಅಷ್ಟರಲ್ಲಿ ಹೊರಗೆ ಯಾರೋ ಸುಣ್ಣ ಇದೆಯೇ ಎಂದು ಕೂಗಿದರು. ಕಮ್ಮಾರ ಗಂಜಿ ಬಿಟ್ಟು ಎದ್ದು ಹೋದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಗುರುಮಲ್ಲನ ಕಣ್ಣು ತುಂಬಿತ್ತು.

"ಅವನು ಬದುಕುವುದಕ್ಕೆ ದಾರಿಯೇ ಇರಲಿಲ್ಲವೇ ಬುದ್ಧೀ?"

ಎಲೆಯಡಿಕೆಯನ್ನೂ ಮುಟ್ಟದ ಗುರುಗಳು ಅಂಗೈ ಚಾಚಿದರು.

"ಗುರುಮಲ್ಲಾ, ಒಂದಿಷ್ಟು ಸುಣ್ಣ ಇದ್ದರೆ ಕೊಡು."

ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಮೂರು ಸಲವೂ ಹೊಳೆಗೆ ಬೀಳದ ಡಬ್ಬಿ ಬೆರಳಿಗೆ ಸಿಕ್ಕಿತು.