ಕುದುರೆಯಿಲ್ಲದೆ ಬಂದ ಗಾಡಿ

ಕುದುರೆ ವ್ಯಾಪಾರಿ ಲಾಲೇಸಾಬನ ಅಂಗಳದಲ್ಲಿ ಚಂದ್ರಿ ಎಂಬ ಗಾಡಿ ಕುದುರೆ ಮಾರಾಟಕ್ಕಿತ್ತು. ಮೂವರು ಯಜಮಾನರ ಕೈಯಲ್ಲಿ ಏಟು ತಿಂದಿದ್ದ ಅದಕ್ಕೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಇಟ್ಟಿಗೆ ಸಾಗಿಸುವ ಬಸಲಿಂಗಪ್ಪ ಅದನ್ನು ಕೊಳ್ಳಲು ಬಂದ. ಅವನು ವ್ಯಾಪಾರಿಯೊಡನೆ ಮಾತಾಡುತ್ತಿರುವಾಗ ಚಂದ್ರಿ ಅವನ ಗಾಡಿಗೆ ಕಟ್ಟಿದ್ದ ಮುದಿ ಕುದುರೆಯನ್ನು ಕೇಳಿತು: “ಅಣ್ಣ, ನಿನ್ನ ಯಜಮಾನ ಎಂಥವನು?”

“ಒಳ್ಳೆಯವನು, ತಂಗಿ. ಎರಡು ಹೊತ್ತು ಹುರುಳಿ ಹಾಕುತ್ತಾನೆ. ಏರು ಬಂದರೆ ತಾನೂ ಇಳಿದು ಗಾಡಿ ನೂಕುತ್ತಾನೆ.”

“ನಾನು ಬಂದರೆ ನಿನ್ನ ಭಾರ ಕಡಿಮೆಯಾಗುತ್ತದಲ್ಲವೇ?”

“ಆಗುತ್ತದೆ. ಅದಕ್ಕೇ ನಿನ್ನನ್ನು ನೋಡಲು ಬಂದಿದ್ದಾನೆ.”

‘ಹಾಗಾದರೆ ಇದು ಯಜಮಾನನನ್ನು ಹೊಗಳದೆ ಇರುತ್ತದೆಯೇ’ ಎಂದುಕೊಂಡಿತು ಚಂದ್ರಿ. ಮುದಿ ಕುದುರೆಯ ಮೈಮೇಲೆ ಒಂದು ಗಾಯದ ಗುರುತೂ ಇರಲಿಲ್ಲ. ಅದನ್ನು ಕಂಡರೂ ಚಂದ್ರಿಯ ಅನುಮಾನ ಹೋಗಲಿಲ್ಲ. ನಡೆಸಿ ನೋಡಿದಾಗ ಬೇಕೆಂದೇ ಕುಂಟಿತು. ಬಸಲಿಂಗಪ್ಪ ಅದರ ಗೊರಸು ಎತ್ತಿ ನೋಡಿ, ಕಾಲು ಸವರಿ, “ನೋಯುವ ಪ್ರಾಣಿಯಿಂದ ದುಡಿಸಿಕೊಳ್ಳಲು ನನಗೆ ಮನಸ್ಸಿಲ್ಲ” ಎಂದು ಹೊರಟುಹೋದ.

ಮಧ್ಯಾಹ್ನ ಇನ್ನೊಬ್ಬ ಬಂದ. ಅವನ ಗಾಡಿಯನ್ನು ಇಬ್ಬರು ಆಳುಗಳು ಎಳೆದು ತಂದಿದ್ದರು. ಅದಕ್ಕೆ ಕುದುರೆಯೇ ಇರಲಿಲ್ಲ. ‘ಸದ್ಯ, ಸುಳ್ಳು ಹೇಳುವವರು ಯಾರೂ ಇಲ್ಲ’ ಎಂದು ಸಮಾಧಾನಗೊಂಡ ಚಂದ್ರಿ ನೆಟ್ಟಗೆ ನಡೆದು ತೋರಿಸಿತು. ವ್ಯಾಪಾರ ಕುದುರಿತು.

ಹೊಸ ಯಜಮಾನ ಅಲ್ಲೇ ಕೊರಳಪಟ್ಟಿ ತೊಡಿಸಿದ. ಅದರ ಒಳಮೈ ಒಣಗಿದ ರಕ್ತದಿಂದ ಗಡುಸಾಗಿತ್ತು. ಆ ಗಾಡಿಗೆ ಕುದುರೆ ಏಕಿಲ್ಲವೆಂದು ಚಂದ್ರಿಗೆ ಅರ್ಥವಾಗುವಷ್ಟರಲ್ಲಿ ಚಾಟಿ ಬೆನ್ನಿಗೆ ಬಿದ್ದಿತ್ತು.