ಹೊಸ ಬಣ್ಣದ ಹಿಂದಿನ ತೊಲೆ

ಒಳಗೇ ಉಂಡು ಮಲಗಿ ಊರೂರು ಸುತ್ತಬಹುದಾದ ಹಳೆಯ ಮರದ ಗಾಡಿಯೊಂದಿತ್ತು. ಅದರ ಚಾವಣಿಯ ತೊಲೆಗೆ ನೀರಿಳಿದು ಒಂದು ತುದಿ ಕೊಳೆತಿತ್ತು. ಮೇಲೆ ಹೊಸ ಬಣ್ಣ ಬಳಿದಿದ್ದರು. ಮರುದಿನ ಗಾಡಿ ಮಕ್ಕಳನ್ನು ಹೊತ್ತು ಘಟ್ಟ ಇಳಿಯಬೇಕು. ಹೊರಡುವ ಮುನ್ನ ಪರೀಕ್ಷಿಸಲು ಬಂದ ಬಡಗಿಯ ಸುತ್ತಿಗೆ ಗಾಡಿಯ ಮರಗಳನ್ನು ತಟ್ಟಿ ನೋಡುತ್ತ ತೊಲೆಯ ಹತ್ತಿರ ಬಂತು.

“ಬಾಯಿ ಬಿಡಬೇಡ. ಗೊತ್ತಾದರೆ ನಿನ್ನನ್ನು ಕಿತ್ತು ಎಸೆಯುತ್ತಾರೆ,” ಎಂದು ಬಣ್ಣ ಪಿಸುಗುಟ್ಟಿತು.

ಸುತ್ತಿಗೆ ಗಟ್ಟಿಯಿದ್ದ ತುದಿಯನ್ನು ತಟ್ಟಿ, “ಕ್ಷೇಮವಷ್ಟೆ?” ಎಂದು ಕೇಳಿ ಮುಂದೆ ಹೊರಟಿತು. “ಬದುಕಿದೆ!” ಎಂದುಕೊಂಡ ತೊಲೆಗೆ ತನ್ನ ನೇರ ಕೆಳಗೆ ಮಕ್ಕಳ ಹಾಸಿಗೆ ಕಂಡಿತು.

“ಅಣ್ಣಾ, ಈ ತುದಿಯನ್ನೂ ತಟ್ಟಿ ನೋಡು,” ಎಂದಿತು.

ಒಂದೇ ಏಟಿಗೆ ಬಣ್ಣ ಒಡೆದು ಕಪ್ಪು ಪುಡಿ ಉದುರಿತು. ಬಡಗಿ ಕೊಳೆತ ಗೇಣುದ್ದವನ್ನಷ್ಟೇ ಕೊಯ್ದು, ಗಟ್ಟಿ ತುಂಡೊಂದನ್ನು ಜೋಡಿಸಿದ. ಘಟ್ಟದ ತಿರುವುಗಳಲ್ಲಿ ಗಾಡಿ ವಾಲಿದಾಗಲೆಲ್ಲ ತೊಲೆ ಅಲುಗದೆ ನಿಂತಿತು; ಕೆಳಗೆ ಮಲಗಿದ್ದ ಮಕ್ಕಳಿಗೆ ಎಚ್ಚರವೇ ಆಗಲಿಲ್ಲ.