ಪ್ರತಿ ವರ್ಷದ ಗುಂಡಿ

ಮಳೆಗಾಲದ ಮೊದಲಲ್ಲಿ ಆನೆರಾಯರು ಕಾಡಂಚಿನ ಬಯಲಿಗೆ ಬಂದು ಒಂದು ಹಲಸಿನ ಸಸಿ ನೆಟ್ಟರು. ಸೊಂಡಿಲಿನಿಂದ ನೀರು ಹೊಯ್ದು, "ಇದು ನನ್ನ ಮಗುವಿದ್ದಂತೆ" ಎಂದು ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಹೊರಟುಹೋದರು. ಸಸಿ ಹಿಗ್ಗಿಹೋಯಿತು.

ಅವರು ಮರೆಯಾದದ್ದೇ ತಡ, ಮೇಕೆ ಬಂತು.

"ನಾನು ಆನೆರಾಯರ ಮಗು," ಎಂದಿತು ಸಸಿ.

"ಹೋದ ವರ್ಷ ಇದೇ ಗುಂಡಿಯಲ್ಲಿದ್ದ ಸಸಿಯೂ ಹಾಗೇ ಅಂದಿತ್ತು," ಎನ್ನುತ್ತ ಮೇಕೆ ಬಾಯಿ ಹಾಕಿತು.

ಗಣ್ಯರ ಕಾಲಿಗೆ ಚುಚ್ಚೀತೆಂದು ಪಕ್ಕಕ್ಕೆ ಎಸೆದಿದ್ದ ಜಾಲಿಮುಳ್ಳಿನ ಕೊಂಬೆಯೊಂದು ಅಲ್ಲೇ ಬಿದ್ದಿತ್ತು. ಅದು ಗಾಳಿಯ ಜೊತೆ ಉರುಳಿ ಬಂದು ಸಸಿಯನ್ನು ಬಳಸಿ ನಿಂತಿತು. ಮೂತಿಗೆ ಮುಳ್ಳು ನಾಟಿ ಮೇಕೆ ಗೊಣಗುತ್ತ ಹಿಂದೆ ಸರಿಯಿತು.

"ನೀವು ಎಷ್ಟು ಹೊತ್ತು ಇರುತ್ತೀರಿ?" ಸಸಿ ಅಳುಕುತ್ತ ಕೇಳಿತು.

"ನೀನು ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರ ಆಗುವವರೆಗೆ. ಸುಮ್ಮನೆ ಬೆಳಿ," ಎಂದಿತು ಕೊಂಬೆ.

ಮೇಕೆ ದಿನವೂ ಬಂತು, ದಿನವೂ ಮೂತಿ ಚುಚ್ಚಿಸಿಕೊಂಡು ಹೋಯಿತು. ಕೊಂಬೆ ಬಿಸಿಲಿಗೆ ಒಣಗಿತು, ಅರ್ಧವನ್ನು ಗೆದ್ದಲು ತಿಂದಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ.

ಮರುವರ್ಷ ಆನೆರಾಯರು ಹೊಸ ಸಸಿ, ಹೊಸ ಹಾರದೊಡನೆ ಬಂದರು. ನೋಡಿದರೆ ಗುಂಡಿಯಲ್ಲಿ ಹಲಸು ಎತ್ತರಕ್ಕೆ ಬೆಳೆದು ನಿಂತಿದೆ.

"ಇದನ್ನು ಇಲ್ಲಿ ನೆಟ್ಟವರು ಯಾರು?" ರಾಯರು ಗದರಿದರು.

"ತಾವೇ, ಸ್ವಾಮಿ," ಎಂದಿತು ಜೊತೆಗಿದ್ದ ನರಿ, ಮೆಲ್ಲಗೆ.

ಬೇರೆ ಗುಂಡಿ ತೋಡೋಣವೆಂದರೆ ಯಾರೂ ಗುದ್ದಲಿ ತಂದಿರಲಿಲ್ಲ. ಈ ಗುಂಡಿ ಯಾವಾಗಲೂ ಖಾಲಿಯೇ ಇರುತ್ತಿತ್ತು. ಮೆರವಣಿಗೆ ಬಂದ ದಾರಿಯಲ್ಲೇ ತಿರುಗಿತು. ಹಲಸು ನಿರಾಳವಾಗಿ ಉಸಿರುಬಿಟ್ಟು, ತನ್ನ ನೆರಳನ್ನು ಒಣಕೊಂಬೆಯ ಮೇಲೆ ಹಾಸಿತು.